ನಳಿಕೆಯಲ್ಲಿ ತಡ, ನಾಳದಲ್ಲಿ ಅವಸರ

ಕೊಳಕು ಮಂಡಲ ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಗೆ ತಂದಾಗ ಮೊದಲು ಮಾಡುವ ರಕ್ತಪರೀಕ್ಷೆಗೆ ಯಂತ್ರ ಬೇಕಿಲ್ಲ. ಶುಭ್ರವಾದ ಒಣ ಗಾಜಿನ ನಳಿಕೆಗೆ ಸ್ವಲ್ಪ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಎಂದು ತಿಳಿದು ಪ್ರತಿವಿಷ ಶುರು ಮಾಡುತ್ತಾರೆ. ಈ ಹಾವಿನ ವಿಷ ರಕ್ತವನ್ನು ತೆಳುವಾಗಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಮೊದಲು ಮಾಡುವ ಕೆಲಸ ಅದಕ್ಕೆ ತದ್ವಿರುದ್ಧವಾದದ್ದು. ಹೆಪ್ಪುಗಟ್ಟಿಸುವ ಸರಪಳಿಯ ಹತ್ತನೇ ಅಂಶವನ್ನೂ ಐದನೇ ಅಂಶವನ್ನೂ ಮೈತುಂಬ ಒಮ್ಮೆಲೇ ಎಬ್ಬಿಸಿಬಿಡುತ್ತದೆ. ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ ಎಲ್ಲ ಖರ್ಚಾಗಿ, ಕೊನೆಗೆ ಗಾಯ ಕಟ್ಟಲು ಏನೂ ಉಳಿಯುವುದಿಲ್ಲ.

ಇದೇ ವಿಷ ನಮ್ಮ ದೊಡ್ಡ ಆಸ್ಪತ್ರೆಗಳ ರಕ್ತಶಾಸ್ತ್ರ ಲ್ಯಾಬುಗಳ ಫ್ರಿಜ್ಜಿನಲ್ಲಿ ಸಣ್ಣ ಸೀಸೆಗಳಲ್ಲಿ ಇರುತ್ತದೆ. ಬಹಳ ತೆಳು ಮಾಡಿ ಪ್ಲಾಸ್ಮಾಕ್ಕೆ ಬೆರೆಸಿದರೆ, ಆರೋಗ್ಯವಂತರ ಪ್ಲಾಸ್ಮಾ ಅರ್ಧ ನಿಮಿಷದ ಆಚೀಚೆ ಹೆಪ್ಪುಗಟ್ಟುತ್ತದೆ. ಕೆಲವರ ಪ್ಲಾಸ್ಮಾ ಮಾತ್ರ ಒಂದು ನಿಮಿಷವಾದರೂ ಹರಿಯುತ್ತಲೇ ಇರುತ್ತದೆ. ಆ ತಡವನ್ನು ಹಿಡಿದು ಲೂಪಸ್ ಆಂಟಿಕೋಆಗ್ಯುಲಂಟ್ ಎಂಬ ಪ್ರತಿಕಾಯವನ್ನು ಪತ್ತೆ ಮಾಡುತ್ತಾರೆ. ಮಗು ನಿಲ್ಲದೆ ನೊಂದ ತಾಯಂದಿರು, ನಲವತ್ತು ತುಂಬುವ ಮೊದಲೇ ಪಾರ್ಶ್ವವಾಯು ಬಡಿದವರು, ಕಾರಣವಿಲ್ಲದೆ ಕಾಲಿನ ನಾಳದಲ್ಲಿ ಗರಣೆ ಕಟ್ಟಿಸಿಕೊಂಡವರು: ಇವರ ಫೈಲುಗಳಲ್ಲಿ ಈ ಪರೀಕ್ಷೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ಸಕ್ಕರೆ, ಕೊಲೆಸ್ಟ್ರಾಲ್ ವರದಿ ಓದಿದ ಹಾಗೆ ಅದನ್ನೂ ಒಂದು ಅಂಕಿಯಾಗಿ ಓದಿಕೊಂಡು ಗೋಳಾಡುವವರು, ಇಲ್ಲವೇ ನೆಮ್ಮದಿಯಾಗುವವರು ಬಹಳ. ಈ ಪರೀಕ್ಷೆ ಹಾಗೆ ಓದಿಸಿಕೊಳ್ಳುವಂಥದ್ದಲ್ಲ ಎಂಬುದನ್ನು ಬಿಡಿಸಿ ಹೇಳಬೇಕೆಂದೇ ಈ ಬರಹ.

ಹಾವಿನ ಕಥೆಯನ್ನು ಮುಗಿಸಿಬಿಡೋಣ. ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗಶಾಸ್ತ್ರಜ್ಞನಾಗಿ ಮದರಾಸು, ವಿಶಾಖಪಟ್ಟಣಗಳ ಕಡೆ ಇದ್ದವನು. ಕೋರಮಂಡಲ ಕರಾವಳಿಯ ಹಾವುಗಳ ಬಗ್ಗೆ ಅವನು ಬರೆದ ಚಿತ್ರಸಹಿತ ಗ್ರಂಥ 1796ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಹಾವನ್ನು ಅವನು ತೆಲುಗಿನ ಸ್ಥಳೀಯ ಹೆಸರಿನಿಂದಲೇ ಗುರುತಿಸಿದ್ದ. ಮರುವರ್ಷ ಅದಕ್ಕೆ ರಸೆಲನ ಹೆಸರೇ ಅಂಟಿತು. 1934ರಲ್ಲಿ ಲಂಡನ್ನಿನಲ್ಲಿ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಎಂಬಿಬ್ಬರು ಈ ವಿಷದ ತೆಳು ದ್ರಾವಣ ಹಿಮೋಫಿಲಿಯಾ ರೋಗಿಗಳ ರಕ್ತವನ್ನೂ ಹೆಪ್ಪುಗಟ್ಟಿಸುತ್ತದೆ ಎಂದು ತೋರಿಸಿದರು. ಹಿಮೋಫಿಲಿಯಾದವರಲ್ಲಿ ಕೊರತೆಯಿರುವ ಎಂಟನೇ, ಒಂಬತ್ತನೇ ಅಂಶಗಳನ್ನು ದಾಟಿ, ವಿಷ ನೇರವಾಗಿ ಹತ್ತನೆಯದಕ್ಕೇ ಕೈ ಹಾಕುವುದರಿಂದ ಇದು ಸಾಧ್ಯ. ಅರ್ಧ ಶತಮಾನದ ನಂತರ, 1986ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಪೆರುಮಾಳ್ ತ್ಯಾಗರಾಜನ್, ವಿಟೋರಿಯೊ ಪೆಂಗೊ ಮತ್ತು ಸ್ಯಾಂಡರ್ ಶಪಿರೊ ಇದೇ ಗುಣವನ್ನು ಲೂಪಸ್ ಆಂಟಿಕೋಆಗ್ಯುಲಂಟ್ ಹುಡುಕಲು ಬಳಸಿಕೊಂಡರು. ಲ್ಯಾಬಿನವರು ಡಿಆರ್‌ವಿವಿಟಿ ಎಂದು ಕರೆಯುವ ಪರೀಕ್ಷೆ ಅದು. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ.

ಹುಡುಕುತ್ತಿರುವ ವಸ್ತು ಯಾವುದು? ಇದರ ಎಳೆ ಹಿಡಿಯಲು ಸಿಫಿಲಿಸ್ ಪರೀಕ್ಷೆಯವರೆಗೂ ಹಿಂದೆ ಹೋಗಬೇಕು. 1906ರಲ್ಲಿ ವಾಸರ್‌ಮನ್ ಸಿಫಿಲಿಸ್‌ಗೆ ರಕ್ತಪರೀಕ್ಷೆ ಕಂಡುಹಿಡಿದ. ಆ ಪರೀಕ್ಷೆಯಲ್ಲಿ ಪ್ರತಿಕಾಯ ಅಂಟಿಕೊಳ್ಳುವ ವಸ್ತು ಒಂದು ಫಾಸ್ಫೋಲಿಪಿಡ್ (ಕೊಬ್ಬಿನ ಒಂದು ಬಗೆ) ಎಂದು 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ದನದ ಹೃದಯದಿಂದ ಅದನ್ನು ಬೇರ್ಪಡಿಸಿ ತೋರಿಸಿದರು, ಕಾರ್ಡಿಯೋಲಿಪಿನ್ ಎಂದು ಹೆಸರಿಟ್ಟರು. ಆ ಕಾಲಕ್ಕೆ ಮದುವೆಗೆ ಮುಂಚೆ, ಸೈನ್ಯಕ್ಕೆ ಸೇರುವಾಗ ಸಾವಿರಾರು ಜನ ಈ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದರು. ಸಿಫಿಲಿಸ್ ಸೋಂಕೇ ಇಲ್ಲದ ಕೆಲವರಲ್ಲೂ ಫಲಿತಾಂಶ ಪಾಸಿಟಿವ್ ಬರುತ್ತಿತ್ತು. ಎಷ್ಟು ಸಂಸಾರಗಳಲ್ಲಿ ಇದು ಕಹಿ ಬೆರೆಸಿತೋ. ಹಾಗೆ ಸುಳ್ಳು ಪಾಸಿಟಿವ್ ಬಂದವರಲ್ಲಿ ಹಲವರಿಗೆ ವರ್ಷಗಳ ನಂತರ ಲೂಪಸ್ ಕಾಣಿಸಿಕೊಂಡಿತು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಗಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಲೂಪಸ್.

1952ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಕಾನ್ಲಿ ಮತ್ತು ಹಾರ್ಟ್‌ಮನ್ ಇಬ್ಬರು ಲೂಪಸ್ ರೋಗಿಗಳ ಬಗ್ಗೆ ಬರೆದರು. ಅವರ ರಕ್ತ ನಳಿಕೆಯಲ್ಲಿ ತಡವಾಗಿ ಹೆಪ್ಪುಗಟ್ಟುತ್ತಿತ್ತು. ಆರೋಗ್ಯವಂತರ ರಕ್ತಕ್ಕೆ ಅವರ ರಕ್ತ ಬೆರೆಸಿದರೆ ಅದೂ ತಡವಾಗುತ್ತಿತ್ತು. ರಕ್ತದಲ್ಲಿ ಹೆಪ್ಪನ್ನು ತಡೆಯುವ ವಸ್ತುವೊಂದು ಸುತ್ತುತ್ತಿದೆ, ಇವರಿಗೆ ರಕ್ತಸ್ರಾವದ ಅಪಾಯವಿದೆ ಎಂದು ಅವರು ತೀರ್ಮಾನಿಸಿದ್ದು ಸಹಜವೇ. ಆದರೆ 1963ರಲ್ಲಿ ಮೇಯೊ ಕ್ಲಿನಿಕ್‌ನ ಬೋವಿ ಮತ್ತು ಸಂಗಡಿಗರು ಇಂಥ ರೋಗಿಗಳಲ್ಲೇ ರಕ್ತನಾಳಗಳು ಗರಣೆ ಕಟ್ಟಿ ಮುಚ್ಚಿಹೋಗುವುದನ್ನು ಕಂಡರು. ನಳಿಕೆ ಹೇಳುವುದೊಂದು, ನಾಳ ಮಾಡುವುದು ಇನ್ನೊಂದು. 1972ರಲ್ಲಿ ಫೈನ್‌ಸ್ಟೈನ್ ಮತ್ತು ರಾಪಪೋರ್ಟ್ ಇದಕ್ಕೆ ಲೂಪಸ್ ಆಂಟಿಕೋಆಗ್ಯುಲಂಟ್, ಅಂದರೆ ಲೂಪಸ್ ಹೆಪ್ಪುರೋಧಕ, ಎಂದು ಹೆಸರಿಟ್ಟರು. ಈ ಹೆಸರು ಇಂದಿಗೂ ರೋಗಿಗಳನ್ನು ದಾರಿ ತಪ್ಪಿಸುತ್ತದೆ. ಇದು ಇರುವ ಬಹಳ ಜನರಿಗೆ ಲೂಪಸ್ ಇರುವುದಿಲ್ಲ, ಮತ್ತು ಇದು ದೇಹದೊಳಗೆ ರಕ್ತವನ್ನು ತೆಳುವಾಗಿಸುವುದಿಲ್ಲ. ವರದಿ ಕೈಗೆ ಬಂದ ದಿನವೇ ವೈದ್ಯರು ಈ ಎರಡು ಮಾತನ್ನು ಹೇಳಿಬಿಟ್ಟರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ.

1983ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಗ್ರಹಾಂ ಹ್ಯೂಸ್ ಚೂರು ಚೂರಾಗಿದ್ದ ಈ ಸಂಗತಿಗಳನ್ನು ಒಟ್ಟಿಗೆ ತಂದರು. ನಾಳಗಳಲ್ಲಿ ಗರಣೆ, ಪದೇ ಪದೇ ಗರ್ಭಪಾತ, ಮಿದುಳಿನ ತೊಂದರೆ, ರಕ್ತದಲ್ಲಿ ಈ ಪ್ರತಿಕಾಯ: ಇವೆಲ್ಲ ಒಂದೇ ಕಾಯಿಲೆಯ ಮುಖಗಳು ಎಂದರು. ಅವರ ಜೊತೆಗಿದ್ದ ಗಯಾನಾ ಮೂಲದ ನೈಜೆಲ್ ಹ್ಯಾರಿಸ್ ಅದೇ ವರ್ಷ ಕಾರ್ಡಿಯೋಲಿಪಿನ್ ವಿರುದ್ಧದ ಪ್ರತಿಕಾಯವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಈ ಕಾಯಿಲೆಯನ್ನು ಇಂದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎನ್ನುತ್ತಾರೆ. ಹಳಬರು ಹ್ಯೂಸ್ ಸಿಂಡ್ರೋಮ್ ಎನ್ನುವುದೂ ಉಂಟು.

1990ರಲ್ಲಿ ಆಸ್ಟ್ರೇಲಿಯಾ, ನೆದರ್ಲೆಂಡ್ಸ್ ಮತ್ತು ಜಪಾನಿನ ಮೂರು ತಂಡಗಳು ಬೇರೆ ಬೇರೆಯಾಗಿ ಒಂದೇ ವಿಷಯ ಕಂಡವು. ಈ ಪ್ರತಿಕಾಯಗಳು ಬರಿಯ ಫಾಸ್ಫೋಲಿಪಿಡ್‌ಗೆ ಅಂಟುವುದಿಲ್ಲ, ಅದರ ಮೇಲೆ ಕೂರುವ ಬೀಟಾ-2 ಗ್ಲೈಕೊಪ್ರೋಟೀನ್-1 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ. ಇನ್ನು ಕೆಲವು ಪ್ರೋಥ್ರಾಂಬಿನ್ ಎಂಬ ಪ್ರೋಟೀನಿಗೆ ಗಂಟು ಬೀಳುತ್ತವೆ. ದೇಹದೊಳಗೆ ಈ ಜೋಡಿ ರಕ್ತನಾಳದ ಒಳಪದರವನ್ನು, ಪ್ಲೇಟ್‌ಲೆಟ್‌ಗಳನ್ನು, ಬಿಳಿ ರಕ್ತಕಣಗಳನ್ನು ಕೆರಳಿಸಿ ಗರಣೆಗೆ ದಾರಿ ಮಾಡುತ್ತದೆ. ಗರ್ಭಿಣಿಯಲ್ಲಿ ಮಾಸಿನ ಜೀವಕೋಶಗಳ ಬೆಳವಣಿಗೆಯನ್ನೇ ಹಾಳುಮಾಡುತ್ತದೆ. ನಳಿಕೆಯಲ್ಲಿ ನಾಳದ ಒಳಪದರವೂ ಇಲ್ಲ, ಮಾಸೂ ಇಲ್ಲ. ಅಲ್ಲಿರುವುದು ಪ್ಲಾಸ್ಮಾ, ಸುಣ್ಣದಂಶ ಮತ್ತು ಲ್ಯಾಬಿನವರು ಹಾಕಿದ ಫಾಸ್ಫೋಲಿಪಿಡ್ ಮಾತ್ರ. ಹೀಗಾಗಿ ಪ್ರತಿಕಾಯದ ಒಂದೇ ಗುಣ ಅಲ್ಲಿ ಕಾಣಿಸುತ್ತದೆ: ಜಾಗ ಹಿಡಿಯುವುದು.

ಈ ಜಾಗದ ವಿಷಯ ಅರ್ಥವಾದರೆ ಇಡೀ ಪರೀಕ್ಷೆ ಅರ್ಥವಾದಂತೆ. ಹೆಪ್ಪುಗಟ್ಟಿಸುವ ಅಂಶಗಳು ಪ್ಲಾಸ್ಮಾದಲ್ಲಿ ತೇಲುತ್ತಲೇ ಕೆಲಸ ಮಾಡಲಾರವು. ಫಾಸ್ಫೋಲಿಪಿಡ್‌ನ ಮೇಲ್ಮೈ ಮೇಲೆ ಒಟ್ಟಿಗೆ ಕೂತಾಗಲೇ ಅವುಗಳ ಕೆಲಸ ಚುರುಕು. ಅದನ್ನು ಪಂಕ್ತಿಯೂಟದ ಎಲೆ ಎಂದುಕೊಳ್ಳಿ. ಹಾಕಿದ್ದು ನಾಲ್ಕೇ ಎಲೆ, ಅದರಲ್ಲಿ ಮೂರರ ಮುಂದೆ ಬೇರೆ ಯಾರೋ ಕೂತುಬಿಟ್ಟರೆ ಊಟಕ್ಕೆ ಬಂದ ನೆಂಟರು ನಿಂತೇ ಇರಬೇಕು, ಪಂಕ್ತಿ ಮುಗಿಯುವುದು ತಡವಾಗುತ್ತದೆ. ಇನ್ನೂ ನಲವತ್ತು ಎಲೆ ಹಾಕಿಸಿ, ಆಗ ಅವರು ಕೂತಿದ್ದರೂ ನಷ್ಟವಿಲ್ಲ. ಪರೀಕ್ಷೆಯ ಮೊದಲ ಹಂತದಲ್ಲಿ ಲ್ಯಾಬಿನವರು ಬೇಕೆಂದೇ ಫಾಸ್ಫೋಲಿಪಿಡ್ ಕಡಿಮೆ ಹಾಕುತ್ತಾರೆ. ಕೊನೆಯ ಹಂತದಲ್ಲಿ ಧಾರಾಳವಾಗಿ ಹಾಕುತ್ತಾರೆ. ಮೊದಲು ತಡವಾದದ್ದು ಕೊನೆಗೆ ಸರಿಹೋದರೆ, ತಡಕ್ಕೆ ಕಾರಣ ಜಾಗ ಹಿಡಿದು ಕೂತ ಪ್ರತಿಕಾಯವೇ ಎಂದು ಗೊತ್ತಾಗುತ್ತದೆ.

ನಡುವೆ ಇನ್ನೊಂದು ಹಂತವಿದೆ, ಮಿಶ್ರಣದ್ದು. ತಡಕ್ಕೆ ಇನ್ನೊಂದು ಸರಳ ಕಾರಣವಿರಬಹುದು: ಯಾವುದಾದರೂ ಅಂಶದ ಕೊರತೆ. ಅದನ್ನು ತಿಳಿಯಲು ರೋಗಿಯ ಪ್ಲಾಸ್ಮಾಕ್ಕೆ ಆರೋಗ್ಯವಂತರ ಪ್ಲಾಸ್ಮಾವನ್ನು ಸಮಸಮ ಬೆರೆಸುತ್ತಾರೆ. ಕೊರತೆಯಾಗಿದ್ದರೆ ಬೆರೆಸಿದ್ದರಿಂದ ತುಂಬಿ ಬಂದು ಸಮಯ ಸರಿಹೋಗುತ್ತದೆ. ಪ್ರತಿಕಾಯವಾಗಿದ್ದರೆ ಅದು ಬೆರೆಸಿದ ಒಳ್ಳೆಯ ಪ್ಲಾಸ್ಮಾವನ್ನೂ ಕಾಡುತ್ತದೆ, ಸಮಯ ಸರಿಹೋಗುವುದಿಲ್ಲ. 1952ರಲ್ಲಿ ಕಾನ್ಲಿ ಮತ್ತು ಹಾರ್ಟ್‌ಮನ್ ಮಾಡಿದ್ದು ಇದನ್ನೇ.

ಲೆಕ್ಕದ ಒಂದು ಮಾದರಿ ನೋಡೋಣ. ಇದು ವಿವರಣೆಗಾಗಿ ಕಟ್ಟಿದ ಅಂಕಿ. ಕಡಿಮೆ ಫಾಸ್ಫೋಲಿಪಿಡ್ ಇರುವ ಡಿಆರ್‌ವಿವಿಟಿಯಲ್ಲಿ ಆರೋಗ್ಯವಂತರ ಪ್ಲಾಸ್ಮಾಕ್ಕೆ 36 ಸೆಕೆಂಡು, ರೋಗಿಯದಕ್ಕೆ 62 ಸೆಕೆಂಡು. ಭಾಗಿಸಿದರೆ 1.72. ಧಾರಾಳ ಫಾಸ್ಫೋಲಿಪಿಡ್ ಇದ್ದಾಗ ಆರೋಗ್ಯವಂತರಿಗೆ 34, ರೋಗಿಗೆ 38, ಭಾಗಿಸಿದರೆ 1.12. ಈಗ ಮೊದಲನೆಯ ಅನುಪಾತವನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 1.54. ಹಲವು ಲ್ಯಾಬುಗಳಲ್ಲಿ ಈ ಕೊನೆಯ ಅನುಪಾತದ ಗಡಿ 1.2ರ ಸುತ್ತಮುತ್ತ ಇರುತ್ತದೆ, ಹಾಗಾಗಿ ಇದು ಪಾಸಿಟಿವ್. ವರದಿಯಲ್ಲಿ 62 ಎಂಬ ಸಂಖ್ಯೆ ನೋಡಿ ಹೌಹಾರುವುದಾಗಲಿ, 38 ನೋಡಿ ಸಮಾಧಾನಪಡುವುದಾಗಲಿ ಎರಡೂ ತಪ್ಪು. ಅರ್ಥವಿರುವುದು ಅವೆರಡರ ನಡುವಿನ ಅಂತರದಲ್ಲಿ.

ಇಷ್ಟೇ ಆದರೆ ಸಾಲದು. ಈ ಪ್ರತಿಕಾಯಗಳು ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿ ಇರುವುದಿಲ್ಲ. ಕೆಲವು ವಿಷದ ಪರೀಕ್ಷೆಗೆ ಸಿಗುತ್ತವೆ, ಕೆಲವು ಎಪಿಟಿಟಿ ಎಂಬ ಇನ್ನೊಂದು ದಾರಿಯ ಪರೀಕ್ಷೆಗೆ ಮಾತ್ರ ಸಿಗುತ್ತವೆ. ಥ್ರಾಂಬೋಸಿಸ್ ತಜ್ಞರ ಅಂತರರಾಷ್ಟ್ರೀಯ ಸಂಘ 1995, 2009 ಮತ್ತು 2020ರಲ್ಲಿ ಮಾರ್ಗಸೂಚಿಗಳನ್ನು ಹೊರತಂದಿತು. ಇತ್ತೀಚಿನ ಎರಡೂ ಹೇಳುವುದು ಒಂದೇ: ಡಿಆರ್‌ವಿವಿಟಿ ಮತ್ತು ಕಡಿಮೆ ಫಾಸ್ಫೋಲಿಪಿಡ್ ಇರುವ ಸೂಕ್ಷ್ಮ ಎಪಿಟಿಟಿ, ಎರಡನ್ನೂ ಮಾಡಿ, ಯಾವುದಾದರೂ ಒಂದರಲ್ಲಿ ಸಾಬೀತಾದರೆ ಸಾಕು. ಆಸ್ಪತ್ರೆಗಳಲ್ಲಿ ಆಪರೇಷನ್ನಿಗೆ ಮುಂಚೆ ಮಾಡುವ ಸಾಮಾನ್ಯ ಎಪಿಟಿಟಿ ಇದಕ್ಕೆ ಸಾಲದು, ಅದರ ರಾಸಾಯನಿಕದಲ್ಲಿ ಫಾಸ್ಫೋಲಿಪಿಡ್ ಹೆಚ್ಚಿರಬಹುದು. ಎಪಿಟಿಟಿ ನಾರ್ಮಲ್ ಬಂದಿದೆ, ಲೂಪಸ್ ಪರೀಕ್ಷೆ ಬೇಕಿಲ್ಲ ಎಂದು ಹೇಳಿ ಕಳಿಸುವುದು ಈಗಲೂ ಅಲ್ಲಲ್ಲಿ ನಡೆಯುತ್ತದೆ. ಅದು ನಿಲ್ಲಬೇಕು.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು ಇನ್ನೂ ಅಪಾಯದ್ದು. ಆಪರೇಷನ್ನಿಗೆ ಮುಂಚೆ ಎಪಿಟಿಟಿ 55 ಸೆಕೆಂಡು ಬಂತೆಂದು ಹೆದರಿ, ರಕ್ತಸ್ರಾವ ತಡೆಯಲು ರೋಗಿಗೆ ಪ್ಲಾಸ್ಮಾ ಏರಿಸುವುದುಂಟು. ಕಾರಣ ಲೂಪಸ್ ಆಂಟಿಕೋಆಗ್ಯುಲಂಟ್ ಆಗಿದ್ದರೆ ಆ ರೋಗಿಗೆ ಬೇಕಿದ್ದದ್ದು ಗರಣೆ ಕಟ್ಟದಂತೆ ರಕ್ಷಣೆ. ಆದರೆ ಅದೇ 55 ಸೆಕೆಂಡಿಗೆ ಎಂಟನೇ ಅಂಶದ ವಿರುದ್ಧ ಹುಟ್ಟಿದ ಪ್ರತಿಕಾಯವೂ ಕಾರಣವಿರಬಹುದು. ಅದು ಮಾರಕ ರಕ್ತಸ್ರಾವ ತರುವ ಕಾಯಿಲೆ. ಆ ಪ್ರತಿಕಾಯ ನಿಧಾನಿ. ಬೆರೆಸಿದ ಪ್ಲಾಸ್ಮಾವನ್ನು 37 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟು ನೋಡಿದರೆ ಸಮಯ ಇನ್ನಷ್ಟು ಉದ್ದವಾಗುತ್ತದೆ, ಲೂಪಸ್‌ನದು ಸಾಮಾನ್ಯವಾಗಿ ಬೆರೆಸಿದ ತಕ್ಷಣವೇ ಕಾಣುತ್ತದೆ. ಲೂಪಸ್ ಆಂಟಿಕೋಆಗ್ಯುಲಂಟ್ ಇರುವವರಲ್ಲೂ ಅಪರೂಪಕ್ಕೆ ಪ್ರೋಥ್ರಾಂಬಿನ್ ಕುಸಿದು ನಿಜವಾಗಿಯೇ ರಕ್ತ ಸೋರುವುದುಂಟು. ಹೀಗೆ ಎಪಿಟಿಟಿಯ ಒಂದೇ ಅಂಕಿಯ ಹಿಂದೆ ಪೂರ್ಣ ವಿರುದ್ಧ ಚಿಕಿತ್ಸೆಯ ಎರಡು ರೋಗಗಳು ಅಡಗಿರಬಹುದು. ಲ್ಯಾಬಿನ ಮಿಶ್ರಣದ ಹಂತ ಉಳಿಸುವುದು ಜೀವವನ್ನು.

ಇನ್ನು ಈ ಪರೀಕ್ಷೆ ಕೆಡುವ ಬಗೆ. ನನ್ನ ಅನಿಸಿಕೆಯಲ್ಲಿ ಲೂಪಸ್ ಆಂಟಿಕೋಆಗ್ಯುಲಂಟ್‌ನ ಪರೀಕ್ಷೆ ಯಂತ್ರದ ಮುಂದೆ ಕೆಡುವುದು ಕಡಿಮೆ. ಹಿಂದೆ ಲ್ಯಾಬಿನವರು 37 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ನಳಿಕೆಯನ್ನು ಓರೆ ಮಾಡುತ್ತ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನೋಡುತ್ತಿದ್ದರು. ಈಗ ಬೆಳಕಿನ ಕಿರಣವೋ, ಪ್ಲಾಸ್ಮಾದಲ್ಲಿ ಓಲಾಡುವ ಉಕ್ಕಿನ ಪುಟ್ಟ ಗುಂಡೋ ಹೆಪ್ಪುಗಟ್ಟಿದ ಕ್ಷಣವನ್ನು ತಾನೇ ಹಿಡಿಯುತ್ತದೆ. ಪರೀಕ್ಷೆ ಕೆಡುವುದು ಅದಕ್ಕೂ ಮೊದಲು, ಸೂಜಿ ಚುಚ್ಚುವ ಮತ್ತು ಮಾದರಿ ಸಾಗಿಸುವ ಹಂತದಲ್ಲಿ.

ರಕ್ತವನ್ನು ನೀಲಿ ಮುಚ್ಚಳದ ಟ್ಯೂಬಿಗೆ ತೆಗೆಯುತ್ತಾರೆ. ಅದರಲ್ಲಿ ಶೇ 3.2ರ ಸಿಟ್ರೇಟ್ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬುದು ಲೆಕ್ಕ. ಗೆರೆಯವರೆಗೆ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಎಲ್ಲ ಸಮಯಗಳೂ ಸುಳ್ಳೇ ಉದ್ದವಾಗುತ್ತವೆ. ಆಮೇಲೆ ಪ್ಲೇಟ್‌ಲೆಟ್‌ಗಳ ಪ್ರಶ್ನೆ. ಪ್ಲೇಟ್‌ಲೆಟ್‌ನ ಪೊರೆಯೇ ಫಾಸ್ಫೋಲಿಪಿಡ್. ಪ್ಲಾಸ್ಮಾದಲ್ಲಿ ಪ್ಲೇಟ್‌ಲೆಟ್ ಉಳಿದು, ಫ್ರೀಜ್ ಮಾಡಿ ಕರಗಿಸಿದಾಗ ಅವು ಒಡೆದರೆ, ಲ್ಯಾಬಿನವರು ಲೆಕ್ಕ ಹಾಕಿ ಕಡಿಮೆ ಮಾಡಿದ್ದ ಫಾಸ್ಫೋಲಿಪಿಡ್ ಯಾರಿಗೂ ತಿಳಿಯದೆ ಹೆಚ್ಚಿಬಿಡುತ್ತದೆ. ಇದ್ದ ಪ್ರತಿಕಾಯ ಇಲ್ಲವೆಂದು ವರದಿಯಾಗುತ್ತದೆ. ಅದಕ್ಕೇ ಸೆಂಟ್ರಿಫ್ಯೂಜಿನಲ್ಲಿ ಎರಡು ಸಲ ತಿರುಗಿಸಬೇಕು. ಮೊದಲ ಸಲದ ಪ್ಲಾಸ್ಮಾವನ್ನು ಪ್ಲಾಸ್ಟಿಕ್ ಪಿಪೆಟ್ಟಿನಲ್ಲಿ ಕೆಳಗಿನ ಪದರ ಕದಡದಂತೆ ಬೇರೆ ಟ್ಯೂಬಿಗೆ ತೆಗೆದು, ಮತ್ತೆ ತಿರುಗಿಸಿ, ತಳದ ಸ್ವಲ್ಪವನ್ನು ಬಿಟ್ಟು ಮೇಲಿನದನ್ನು ಮಾತ್ರ ತೆಗೆದುಕೊಳ್ಳಬೇಕು. ಮೈಕ್ರೋಲೀಟರಿಗೆ 10,000ಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಉಳಿದಿರಬೇಕೆಂಬುದು ನಿಯಮ. ರಕ್ತ ತೆಗೆದು ನಾಲ್ಕು ಗಂಟೆಯೊಳಗೆ ಇಷ್ಟೂ ಆಗಬೇಕು. ಅಂದೇ ಪರೀಕ್ಷಿಸದಿದ್ದರೆ ಮೈನಸ್ 70 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಇಟ್ಟು, ಬೇಕಾದಾಗ 37 ಡಿಗ್ರಿಯಲ್ಲಿ ಬೇಗನೆ ಕರಗಿಸಬೇಕು.

ಈಗ ನಮ್ಮ ಊರುಗಳ ಸ್ಥಿತಿ ನೆನೆಯಿರಿ. ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಮಧ್ಯಾಹ್ನ ತೆಗೆದ ರಕ್ತ ಸಂಗ್ರಹ ಕೇಂದ್ರದಲ್ಲಿ ಸಂಜೆಯವರೆಗೆ ಕಾದು, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಡುವುದಾದರೆ ನಾಲ್ಕು ಗಂಟೆಯ ಮಾತು ಎಲ್ಲಿ ಬಂತು? ಸಂಗ್ರಹ ಕೇಂದ್ರದಲ್ಲೇ ಎರಡು ಸಲ ತಿರುಗಿಸಿ, ಫ್ರೀಜ್ ಮಾಡಿ, ಡ್ರೈ ಐಸ್‌ನಲ್ಲಿ ಕಳಿಸುವ ವ್ಯವಸ್ಥೆ ಇರಬೇಕು. ಇಲ್ಲವಾದರೆ ರೋಗಿಯನ್ನೇ ಲ್ಯಾಬ್ ಇರುವ ಊರಿಗೆ ಕಳಿಸುವುದು ಮೇಲು. ಬಸ್ ಚಾರ್ಜಿನ ಹೊರೆ ನಿಜ. ಆದರೆ ತಪ್ಪು ವರದಿಯ ಮೇಲೆ ಜೀವನಪೂರ್ತಿ ಔಷಧಿ ನುಂಗುವ, ಅಥವಾ ಬೇಕಾದ ಔಷಧಿ ಬಿಟ್ಟುಬಿಡುವ ಹೊರೆ ಅದಕ್ಕಿಂತ ದೊಡ್ಡದು. ಮಾದರಿ ತೆಗೆಯುವವರನ್ನು ಕೇಳಿ, ಇದನ್ನು ಎಲ್ಲಿ, ಎಷ್ಟು ಹೊತ್ತಿನೊಳಗೆ ತಿರುಗಿಸುತ್ತೀರಿ ಅಂತ. ಕೇಳುವ ಹಕ್ಕು ರೋಗಿಗಿದೆ, ಉತ್ತರ ಹೇಳಬೇಕಾದ್ದು ಅವರ ಕೆಲಸ.

ಔಷಧಿಗಳದು ಇದಕ್ಕಿಂತ ಬಿಕ್ಕಟ್ಟಿನ ವಿಷಯ. ಗರಣೆ ಕಟ್ಟಿದವರಿಗೆ ಆಸ್ಪತ್ರೆ ಸೇರಿದ ಕೂಡಲೇ ಹೆಪಾರಿನ್ ಕೊಡುತ್ತಾರೆ. ಮರುದಿನ ಯಾರಿಗೋ ಕಾರಣ ಹುಡುಕಬೇಕೆನಿಸಿ ಲೂಪಸ್ ಪರೀಕ್ಷೆಗೆ ಬರೆಯುತ್ತಾರೆ. ಡಿಆರ್‌ವಿವಿಟಿಯ ರಾಸಾಯನಿಕದಲ್ಲಿ ಹೆಪಾರಿನ್ನನ್ನು ನಿಷ್ಫಲಗೊಳಿಸುವ ವಸ್ತುವಿರುತ್ತದೆ, ಆದರೆ ಅದಕ್ಕೂ ಒಂದು ಮಿತಿಯಿದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ ಎರಡನೇ, ಏಳನೇ, ಒಂಬತ್ತನೇ, ಹತ್ತನೇ ಅಂಶಗಳು ಕಡಿಮೆಯಿದ್ದು ಎಲ್ಲವೂ ಗೋಜಲು. ರಿವರೊಕ್ಸಬಾನ್ ಇನ್ನೂ ಮೋಸದ್ದು. ಅದು ಹತ್ತನೇ ಅಂಶವನ್ನೇ ತಡೆಯುವ ಮಾತ್ರೆ, ವಿಷದ ಪರೀಕ್ಷೆ ನಿಂತಿರುವುದೂ ಅದೇ ಅಂಶದ ಮೇಲೆ. ಮುಂದಿನ ಮಾತ್ರೆಗೆ ಸ್ವಲ್ಪ ಮುಂಚೆ, ಔಷಧಿ ತೀರ ಇಳಿದಿರುವಾಗ ತೆಗೆದ ರಕ್ತದಲ್ಲೂ ಪ್ರತಿಕಾಯವಿಲ್ಲದವರಿಗೆ ಪಾಸಿಟಿವ್ ಬರಬಹುದು. ಮಾದರಿಗೆ ಸಕ್ರಿಯ ಇದ್ದಿಲು ಬೆರೆಸಿ ಈ ಔಷಧಿಯನ್ನು ಹೀರಿ ತೆಗೆಯುವ ದಾರಿಯಿದೆ. ಆಸ್ಟ್ರೇಲಿಯಾದ ಟೈಪಾನ್ ಹಾವಿನ ವಿಷ ಮತ್ತು ನಮ್ಮಲ್ಲೂ ಇರುವ ಗರಗಸ ಮಂಡಲದ ವಿಷದಿಂದ ತೆಗೆದ ಎಕಾರಿನ್, ಇವೆರಡನ್ನು ಜೋಡಿಯಾಗಿ ಬಳಸುವ ಪರೀಕ್ಷೆಯೂ ಬಂದಿದೆ. ಎರಡೂ ಪ್ರೋಥ್ರಾಂಬಿನ್ನನ್ನು ನೇರವಾಗಿ ಎಬ್ಬಿಸುತ್ತವೆ. ಟೈಪಾನ್‌ಗೆ ಫಾಸ್ಫೋಲಿಪಿಡ್ ಬೇಕು, ಎಕಾರಿನ್‌ಗೆ ಬೇಡ. ಹತ್ತನೇ ಅಂಶವನ್ನು ಹಿಂದೆ ಬಿಟ್ಟು ಹೋಗುವುದರಿಂದ ರಿವರೊಕ್ಸಬಾನ್ ಇಲ್ಲಿ ಅಡ್ಡ ಬರುವುದಿಲ್ಲ. ಈ ಸೌಲಭ್ಯ ಇನ್ನೂ ಕೆಲವೇ ಲ್ಯಾಬುಗಳಲ್ಲಿದೆ. ಒಂದು ಮಾತು ಒತ್ತಿ ಹೇಳಬೇಕು: ಪರೀಕ್ಷೆ ಸರಿಯಾಗಲಿ ಎಂದು ರೋಗಿ ತಾನಾಗಿ ಔಷಧಿ ನಿಲ್ಲಿಸಬಾರದು. ಅದು ವೈದ್ಯರು ತೂಗಿ ನೋಡಬೇಕಾದ ವಿಷಯ, ನಿಲ್ಲಿಸಿದ ಆ ಕೆಲವು ದಿನಗಳಲ್ಲೇ ಗರಣೆ ಕಟ್ಟಬಹುದು.

ಮೈಯಲ್ಲಿ ಉರಿಯೂತ ಜೋರಾಗಿರುವಾಗಲೂ ಪರೀಕ್ಷೆ ದಾರಿ ತಪ್ಪುತ್ತದೆ. ಆಗ ಏರುವ ಸಿಆರ್‌ಪಿ ಎಂಬ ಪ್ರೋಟೀನು ತಾನೂ ಫಾಸ್ಫೋಲಿಪಿಡ್‌ಗೆ ಅಂಟಿ ಎಪಿಟಿಟಿಯನ್ನು ಉದ್ದ ಮಾಡುತ್ತದೆ. ಅದೇ ಹೊತ್ತಿಗೆ, ಮತ್ತು ಬಸಿರಿನಲ್ಲೂ, ಎಂಟನೇ ಅಂಶ ಏರಿ ಎಪಿಟಿಟಿಯನ್ನು ಗಿಡ್ಡ ಮಾಡಿ ನಿಜವಾದ ಪ್ರತಿಕಾಯವನ್ನು ಮುಚ್ಚಿಡುತ್ತದೆ. ಕೋವಿಡ್ ಮೊದಲ ಅಲೆಯಲ್ಲಿ, 2020ರಲ್ಲಿ, ಲಂಡನ್ನಿನ ವೈದ್ಯರು ಎಪಿಟಿಟಿ ಉದ್ದವಾಗಿದ್ದ 34 ಕೋವಿಡ್ ರೋಗಿಗಳನ್ನು ಪರೀಕ್ಷಿಸಿದಾಗ 31 ಮಂದಿಯಲ್ಲಿ ಲೂಪಸ್ ಆಂಟಿಕೋಆಗ್ಯುಲಂಟ್ ಪಾಸಿಟಿವ್ ಬಂತು. ಆ ವರದಿ ಬಂದಾಗ ಜಗತ್ತೆಲ್ಲ ಗಾಬರಿಯಾಯಿತು. ಎಪಿಟಿಟಿ ಉದ್ದವಿದೆಯೆಂದು ರಕ್ತ ತೆಳುವಾಗಿಸುವ ಔಷಧಿ ತಡೆಹಿಡಿಯಬೇಡಿ ಎಂಬ ಅವರ ಎಚ್ಚರಿಕೆ ಸರಿಯಾದದ್ದೇ. ಆದರೆ ಕೋವಿಡ್‌ನ ಬಿಸಿಯಲ್ಲಿ ಕಂಡ ಪಾಸಿಟಿವ್‌ಗಳಲ್ಲಿ ಎಷ್ಟೋ ರೋಗ ಇಳಿದ ಮೇಲೆ ಉಳಿಯಲಿಲ್ಲ.

ಹಾಗಾಗಿಯೇ 12 ವಾರಗಳ ನಿಯಮ. ಸೋಂಕುಗಳ ನಂತರ, ಮಕ್ಕಳಲ್ಲಿ ವೈರಲ್ ಜ್ವರ ಬಂದು ಹೋದ ಮೇಲೆ, ಕ್ಲೋರ್‌ಪ್ರೊಮಜಿನ್‌ನಂಥ ಔಷಧಿಗಳಿಂದ ಈ ಪ್ರತಿಕಾಯ ಬಂದುಹೋಗುವುದುಂಟು. ಅದು ಹೆಚ್ಚಾಗಿ ನಿರಪಾಯ. 1998ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಸೇರಿದ ತಜ್ಞರು ಕನಿಷ್ಠ ಆರು ವಾರ ಬಿಟ್ಟು ಮತ್ತೆ ಪರೀಕ್ಷಿಸಿ ಎಂದಿದ್ದರು. ಸಿಡ್ನಿಯಲ್ಲಿ ಪರಿಷ್ಕರಿಸಿ 2006ರಲ್ಲಿ ಪ್ರಕಟಿಸಿದ ನಿಯಮದಲ್ಲಿ ಅದು 12 ವಾರವಾಯಿತು. ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು 2023ರಲ್ಲಿ ತಂದ ಹೊಸ ಮಾನದಂಡದಲ್ಲಿ ಒಂದೇ ಸಲ ಪಾಸಿಟಿವ್ ಬಂದರೆ 1 ಅಂಕ, ಮತ್ತೆ ಮತ್ತೆ ಬಂದರೆ 5 ಅಂಕ. ಸಂಶೋಧನೆಗಾಗಿ ರೂಪಿಸಿದ ಅಂಕಗಳಾದರೂ ಈ ಅಂತರ ಎಲ್ಲರಿಗೂ ಅರ್ಥವಾಗುವಂಥದ್ದು. ಮೊದಲ ವರದಿ ಹುಟ್ಟಿಸುವುದು ಅನುಮಾನ, ಅಷ್ಟೇ.

ಆರೋಗ್ಯವಾಗಿರುವವರು ಸುಮ್ಮನೆ ಮಾಡಿಸಿಕೊಳ್ಳುವ ಪರೀಕ್ಷೆಯೂ ಇದಲ್ಲ. ಗಡಿ ಅಂಕಿಯನ್ನು ನಿಗದಿ ಮಾಡುವಾಗಲೇ 100 ಜನ ಆರೋಗ್ಯವಂತರಲ್ಲಿ 99 ಮಂದಿ ಕೆಳಗಿರುವಂತೆ ಲೆಕ್ಕ ಹಾಕುತ್ತಾರೆ. ಅಂದರೆ ಏನೂ ಇಲ್ಲದ ನೂರರಲ್ಲೊಬ್ಬರು ಪ್ರತಿ ಪರೀಕ್ಷೆಯಲ್ಲೂ ಗಡಿ ದಾಟಬಹುದು. ಪರೀಕ್ಷೆಗಳು ಎರಡಾದಾಗ ಆ ಸಾಧ್ಯತೆ ಇನ್ನೂ ಹೆಚ್ಚು. ಗರಣೆಗೆ ಬೇರೆ ಕಾರಣ ಕಾಣದ ಕಿರಿಯರು, ಪದೇ ಪದೇ ಗರ್ಭ ಕಳೆದುಕೊಂಡವರು, ತಿಂಗಳು ತುಂಬುತ್ತ ಬಂದ ಮಗುವನ್ನು ಹೊಟ್ಟೆಯಲ್ಲೇ ಕಳೆದುಕೊಂಡವರು, ಲೂಪಸ್ ಇರುವವರು, ಎಪಿಟಿಟಿ ಕಾರಣವಿಲ್ಲದೆ ಉದ್ದವಿರುವವರು: ಇವರಿಗೆ ಈ ಪರೀಕ್ಷೆ ಬೇಕು. ಜೊತೆಗೆ ಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್ ಪ್ರತಿಕಾಯಗಳನ್ನೂ ನೋಡಬೇಕು. ಮೂರರಲ್ಲಿ ಗರಣೆಯ ಅಪಾಯವನ್ನು ಹೆಚ್ಚು ಬಲವಾಗಿ ಸೂಚಿಸುವುದು ಲೂಪಸ್ ಆಂಟಿಕೋಆಗ್ಯುಲಂಟ್. ಮೂರೂ ಪಾಸಿಟಿವ್ ಇದ್ದವರು ಎಲ್ಲರಿಗಿಂತ ಹೆಚ್ಚು ಎಚ್ಚರದಿಂದ ಇರಬೇಕಾದವರು.

ಸರಿಯಾದ ವರದಿಯಿಂದ ಏನು ಬದಲಾಗುತ್ತದೆ ಎಂದು ಕೇಳುವವರಿಗೆ ಎರಡು ಅಧ್ಯಯನಗಳು ಸಾಕು. ವಿಷದ ಪರೀಕ್ಷೆ ರೂಪಿಸಿದವರಲ್ಲಿ ಒಬ್ಬರಾದ ವಿಟೋರಿಯೊ ಪೆಂಗೊ ಮುಂದೆ ಇಟಲಿಯಲ್ಲಿ ಮೂರೂ ಪ್ರತಿಕಾಯ ಪಾಸಿಟಿವ್ ಇದ್ದ, ಮೊದಲೊಮ್ಮೆ ಗರಣೆ ಕಟ್ಟಿದ್ದ 120 ಜನರ ಮೇಲೆ ರಿವರೊಕ್ಸಬಾನ್ ಮತ್ತು ವಾರ್ಫರಿನ್ನನ್ನು ಹೋಲಿಸಿದರು. ರಿವರೊಕ್ಸಬಾನ್ ಪಡೆದವರಲ್ಲಿ ಶೇ 12ರಷ್ಟು ಮಂದಿಗೆ ಪಾರ್ಶ್ವವಾಯುವೋ ಹೃದಯಾಘಾತವೋ ಆಯಿತು, ವಾರ್ಫರಿನ್ ಪಡೆದವರಲ್ಲಿ ಒಬ್ಬರಿಗೂ ಆಗಲಿಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದರ ವರದಿ ಪ್ರಕಟವಾದದ್ದು 2018ರಲ್ಲಿ. ಪದೇ ಪದೇ ರಕ್ತ ಪರೀಕ್ಷಿಸುವ ಗೋಜಿಲ್ಲವೆಂದು ಹೊಸ ಮಾತ್ರೆಯನ್ನು ಇಷ್ಟಪಡುವವರು ಬಹಳ. ಈ ಗುಂಪಿನ ರೋಗಿಗಳಿಗೆ ಮಾತ್ರ ಹಳೆಯ ವಾರ್ಫರಿನ್ನೇ ಬೇಕು. ಅದರ ಐಎನ್‌ಆರ್ (ವಾರ್ಫರಿನ್ ಪ್ರಭಾವದ ಅಳತೆ) ನೋಡುವಾಗಲೂ ಬೆರಳು ಚುಚ್ಚಿ ನೋಡುವ ಸಣ್ಣ ಯಂತ್ರಗಳನ್ನು ಇವರು ನೆಚ್ಚಬಾರದು, ಪ್ರತಿಕಾಯ ಅಲ್ಲಿಯೂ ಅಡ್ಡ ಬರಬಹುದು. ಎರಡನೆಯದು ತಾಯಂದಿರದು. ಈ ಪ್ರತಿಕಾಯಗಳಿದ್ದು ಪದೇ ಪದೇ ಗರ್ಭ ಕಳೆದುಕೊಂಡ 90 ಮಹಿಳೆಯರ ಮೇಲೆ ಲಂಡನ್ನಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರಿಯ ಆಸ್ಪಿರಿನ್ ಪಡೆದವರಲ್ಲಿ ಶೇ 42 ಮಂದಿಗೆ ಜೀವಂತ ಮಗು ಹುಟ್ಟಿತು, ಆಸ್ಪಿರಿನ್ ಜೊತೆ ಹೆಪಾರಿನ್ ಪಡೆದವರಲ್ಲಿ ಶೇ 71 ಮಂದಿಗೆ. ಒಂದು ನೀಲಿ ಮುಚ್ಚಳದ ಟ್ಯೂಬನ್ನು ಸರಿಯಾಗಿ ತುಂಬುವುದಕ್ಕೂ ಒಂದು ಮನೆಯಲ್ಲಿ ತೊಟ್ಟಿಲು ಕಟ್ಟುವುದಕ್ಕೂ ನೇರ ಸಂಬಂಧವಿದೆ.

ಇದಕ್ಕೆ ಬೇಕಾದ ಸುಧಾರಣೆಗಳಲ್ಲಿ ಅತಿ ಅಗ್ಗದ್ದು ಪರೀಕ್ಷೆಗೆ ಬರೆದು ಕಳಿಸುವ ಚೀಟಿಯಲ್ಲಿದೆ. ರೋಗಿ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದಾರೆ, ಕೊನೆಯ ಡೋಸ್ ಎಷ್ಟು ಹೊತ್ತಿಗೆ, ಬಸಿರಿಯೇ, ಜ್ವರವಿದೆಯೇ, ಇದು ಮೊದಲ ಪರೀಕ್ಷೆಯೋ ಎರಡನೆಯದೋ: ಈ ಐದು ಸಾಲು ತುಂಬಿ ಬಂದರೆ ಲ್ಯಾಬಿನ ವೈದ್ಯರು ಬರಿ ಸೆಕೆಂಡುಗಳನ್ನು ಅಚ್ಚು ಹಾಕದೆ ಅರ್ಥವನ್ನೂ ಬರೆಯಬಲ್ಲರು. ಇದೆ, ಇಲ್ಲ, ಈ ಸ್ಥಿತಿಯಲ್ಲಿ ಹೇಳಲಾಗದು ಎಂದು ಸ್ಪಷ್ಟ ಮಾತಿನಲ್ಲಿ ಬರೆಯಬೇಕೆಂದು ಮಾರ್ಗಸೂಚಿಗಳೂ ಹೇಳುತ್ತವೆ. ಹೇಳಲಾಗದು ಎಂದು ಬರೆಯುವ ಲ್ಯಾಬನ್ನು ಕೆಲಸ ಬಾರದವರು ಎಂದು ಬಿಟ್ಟುಬಿಡಬೇಡಿ. ಅದು ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ. ಮತ್ತು 12 ವಾರದ ನಂತರ, ಅಡ್ಡ ಬರುವ ಔಷಧಿಯೂ ಜ್ವರವೂ ಇಲ್ಲದಾಗ ಮಾಡಿದ ಎರಡನೇ ಪರೀಕ್ಷೆ ಇಲ್ಲ ಎಂದು ಹೇಳಿದರೆ, ಮೊದಲ ದಿನ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಲೂಪಸ್ ಎಂಬ ಪದವನ್ನು ವೈದ್ಯರು ತಮ್ಮ ಕೈಯಿಂದಲೇ ಹೊಡೆದುಹಾಕಿ, ದಿನಾಂಕ ಹಾಕಿ ಸಹಿ ಮಾಡಬೇಕು. ಮುಂದಿನ ಹೆರಿಗೆಯಲ್ಲೋ ಆಪರೇಷನ್ನಿನಲ್ಲೋ ಆ ಫೈಲು ತೆರೆಯುವವರು ಬೇರೆ ಯಾರೋ ಆಗಿರುತ್ತಾರೆ.